ಇನ್ನೊಂದು ಅಂಕ, ಇನ್ನೊಂದು ಸೈಟು

ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 625 ತೆಗೆದವರ ಐದು ವರ್ಷದ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡಿ. 2021ರಲ್ಲಿ 157 ಮಂದಿ. ಮರುವರ್ಷ 145. 2023ರಲ್ಲಿ ನಾಲ್ವರು. 2024ರಲ್ಲಿ ಇಡೀ ರಾಜ್ಯಕ್ಕೆ ಒಬ್ಬಳೇ ಹುಡುಗಿ. ಅವಳೂ ಮುಧೋಳ ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯವಳು. 2025ರಲ್ಲಿ 22 ಮಂದಿ. ಕರ್ನಾಟಕದ ಮಕ್ಕಳೆಲ್ಲ ಎರಡು ವರ್ಷ ಇದ್ದಕ್ಕಿದ್ದಂತೆ ದಡ್ಡರಾಗಿ, ಆಮೇಲೆ ಮತ್ತೆ ಸ್ವಲ್ಪ ಜಾಣರಾದರೇ?

ಹಾಗೇನೂ ಆಗಲಿಲ್ಲ. 2021ರಲ್ಲಿ ಕೋವಿಡ್ ಇದ್ದುದರಿಂದ ಆರೂ ವಿಷಯಗಳ ಪರೀಕ್ಷೆಯನ್ನು ಎರಡೇ ದಿನದಲ್ಲಿ ಮುಗಿಸಿದ್ದರು. ಎಲ್ಲವೂ ಬಹುಆಯ್ಕೆ ಪ್ರಶ್ನೆ, ಓಎಂಆರ್ ಹಾಳೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಸಿಸಿಟಿವಿ ಬಂತು, ವೆಬ್‌ಕಾಸ್ಟಿಂಗ್ ಬಂತು. ಆ ವರ್ಷ ಫಲಿತಾಂಶ ಎಷ್ಟು ಕುಸಿಯಿತೆಂದರೆ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿ ಮಕ್ಕಳನ್ನು ದಾಟಿಸಬೇಕಾಯಿತು. ಮಕ್ಕಳು ಮೊದಲಿನಂಥವರೇ. ಅಳೆಯುವ ಕೋಲು ಬದಲಾಗಿತ್ತು ಅಷ್ಟೆ.

ಈ 625ರ ಒಳಗೆ ಏನಿದೆ ಎಂಬುದನ್ನೂ ಒಮ್ಮೆ ಬಿಡಿಸಿ ನೋಡಬೇಕು. ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ತಲಾ ನೂರು. ಅದರಲ್ಲಿ 125 ಅಂಕ ಶಾಲೆಯಲ್ಲೇ ಕೊಡುವ ಆಂತರಿಕ ಮೌಲ್ಯಮಾಪನದ್ದು. ಅಲ್ಲಿ ಇಪ್ಪತ್ತಕ್ಕೆ ಇಪ್ಪತ್ತೋ ಹತ್ತೊಂಬತ್ತೋ ಕೊಡದ ಶಾಲೆಯನ್ನು ಹುಡುಕಬೇಕು. ಉಳಿದ 500 ಅಂಕದ ಲಿಖಿತ ಪರೀಕ್ಷೆಯಲ್ಲಿ ಒಂದು ಅಂಕವನ್ನೂ ಬಿಟ್ಟುಕೊಡದ ಮಗು ಶ್ರದ್ಧಾವಂತ ಮಗು, ಸಂದೇಹವಿಲ್ಲ. ಆದರೆ 617 ತೆಗೆದ ಮಗುವಿಗಿಂತ ಅದು ಎಷ್ಟು ಹೆಚ್ಚು ಬಲ್ಲದು? ಒಂದು ಉಪಪ್ರಮೇಯದಲ್ಲಿ ಹಂತವೊಂದು ತಪ್ಪಿರಬಹುದು, ಸಮಾಜ ವಿಜ್ಞಾನದ ಉತ್ತರದಲ್ಲಿ ಒಂದು ಅಂಶ ಬಿಟ್ಟಿರಬಹುದು, ಅಥವಾ ಮೌಲ್ಯಮಾಪಕರಿಗೆ ಆ ಮಧ್ಯಾಹ್ನ ತೂಕಡಿಕೆ ಬಂದಿರಬಹುದು. ಇಷ್ಟಕ್ಕೆ ನಾವು ಒಂದು ಮಗುವಿಗೆ ಫ್ಲೆಕ್ಸ್ ಕಟ್ಟಿಸುತ್ತೇವೆ, ಇನ್ನೊಂದನ್ನು ‘ಎಂಟು ಅಂಕ ಎಲ್ಲಿ ಹೋಯ್ತು?’ ಎಂದು ವಿಚಾರಣೆಗೆ ನಿಲ್ಲಿಸುತ್ತೇವೆ.

ಫಲಿತಾಂಶ ಬಂದ ವಾರ ಸೈಬರ್ ಸೆಂಟರುಗಳ ಮುಂದೆ ನಿಂತರೆ ಇದರ ಪೂರ್ತಿ ರೂಪ ಕಾಣುತ್ತದೆ. ಉತ್ತರ ಪತ್ರಿಕೆಯ ಪ್ರತಿಗೆ, ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಲು ಬಂದವರಲ್ಲಿ ಫೇಲಾದವರಿಗಿಂತ 620ರ ಮೇಲಿನವರ ಅಪ್ಪ-ಅಮ್ಮಂದಿರೇ ಜೋರು. ಕನ್ನಡದಲ್ಲಿ 124 ಬಂದಿದೆ, ಆ ಒಂದು ಅಂಕ ಬೇಕು. ಬೇಕು ಎಂದರೆ ಯಾತಕ್ಕೆ? ಪಿಯು ಕಾಲೇಜಿನ ಸೈನ್ಸ್ ಸೀಟು ಆ ಮಗುವಿಗೆ ಹೇಗೂ ಸಿಗುತ್ತದೆ. ಮುಂದೆ ಸಿಇಟಿಗೆ, ನೀಟ್‌ಗೆ, ಜೆಇಇಗೆ ಎಸ್ಸೆಸ್ಸೆಲ್ಸಿಯ ಅಂಕ ಲೆಕ್ಕಕ್ಕೇ ಇಲ್ಲ. ಆ ಒಂದು ಅಂಕಕ್ಕೆ ಈ ಲೋಕದಲ್ಲಿ ಸಿಗುವುದು ಎಂದರೆ ಇನ್ನೊಬ್ಬ ಮಗುವಿಗಿಂತ ಒಂದು ಗೆರೆ ಮೇಲೆ ಹೆಸರು ಬರುವುದು ಮಾತ್ರ.

ಇಲ್ಲಿಗೆ ನಿಲ್ಲಿಸಿ ‘ಅಂಕವೇ ಜೀವನವಲ್ಲ’ ಎಂದು ಬರೆದುಬಿಡುವುದು ಸುಲಭ. ವರ್ಷಕ್ಕೊಮ್ಮೆ ಎಲ್ಲ ಪತ್ರಿಕೆಗಳೂ ಬರೆಯುತ್ತವೆ. ಮರುಪುಟದಲ್ಲೇ ಟಾಪರ್‌ಗಳ ಫೋಟೊ ಹಾಕುತ್ತವೆ. ನನಗೆ ಆ ಮಾತು ಅಪ್ರಾಮಾಣಿಕ ಅನ್ನಿಸುತ್ತದೆ, ಯಾಕೆಂದರೆ ಅಂಕಕ್ಕೆ ನಿಜವಾಗಿಯೂ ಬೆಲೆ ಇರುವ ಜಾಗಗಳಿವೆ. ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಸೀಟು ಸಿಕ್ಕರೆ ವರ್ಷದ ಶುಲ್ಕ ಲಕ್ಷದೊಳಗೆ ಮುಗಿಯುತ್ತದೆ; ಕೆಲವೇ ಅಂಕ ಹಿಂದೆ ಬಿದ್ದು ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿಗೆ ಹೋದರೆ ವರ್ಷಕ್ಕೆ ಹತ್ತಾರು ಲಕ್ಷ. 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು. ದೇಶದಲ್ಲಿದ್ದ ಎಂಬಿಬಿಎಸ್ ಸೀಟು ಸುಮಾರು 1.1 ಲಕ್ಷ, ಅದರಲ್ಲಿ ಸರ್ಕಾರಿ ಸೀಟು ಅರ್ಧದಷ್ಟು. ಎರಡೆಕರೆ ಹೊಲದವನ ಮಗಳಿಗೆ ‘ಅಂಕ ಮುಖ್ಯವಲ್ಲಮ್ಮ’ ಎಂದು ಬುದ್ಧಿ ಹೇಳಲು ನಮಗೆ ಯಾವ ಹಕ್ಕೂ ಇಲ್ಲ. ಅವಳಿಗೆ ಆ ಅಂಕ ಏಣಿ. ಏಣಿ ಅಟ್ಟ ಮುಟ್ಟಿದ ಮೇಲೂ ಮೆಟ್ಟಿಲು ಏರಿಸುತ್ತಲೇ ಹೋಗುವವರ ಬಗ್ಗೆ ನನ್ನ ತಕರಾರು.

ನೀಟ್ ಎಂದಾಗ 2024ರ ಕಥೆಯನ್ನು ಹೇಳದೆ ಮುಂದೆ ಹೋಗಲಾಗದು. ಅಂಕದ ಹುಚ್ಚು ಯಾವ ತುದಿಗೆ ಮುಟ್ಟಿದೆ ಎಂಬುದಕ್ಕೆ ಅಷ್ಟು ಒಳ್ಳೆಯ ದಾಖಲೆ ಬೇರೆ ಇಲ್ಲ. ಜೂನ್ 4ರಂದು ಫಲಿತಾಂಶ ಬಂದಾಗ 720ಕ್ಕೆ 720 ತೆಗೆದವರು 67 ಮಂದಿ. ಹಿಂದಿನ ವರ್ಷ ಇಬ್ಬರಿದ್ದರು. ಪಟ್ಟಿಯಲ್ಲಿ ಕೆಲವರಿಗೆ 718, 719 ಬಂದಿತ್ತು. ಮೊದಲು ಅನುಮಾನ ಬಂದದ್ದು ಅಲ್ಲೇ. ನೀಟ್‌ನಲ್ಲಿ ಉತ್ತರಿಸಬೇಕಾದದ್ದು 180 ಪ್ರಶ್ನೆ, ಸರಿಗೆ ನಾಲ್ಕಂಕ, ತಪ್ಪಿಗೆ ಒಂದು ಕಳೆಯುತ್ತಾರೆ. ಒಂದು ಪ್ರಶ್ನೆ ಬಿಟ್ಟರೆ 716, ಒಂದು ತಪ್ಪಾದರೆ 715. ನಡುವೆ 718 ಬರಲು ದಾರಿಯೇ ಇಲ್ಲ. ಕೇಳಿದಾಗ ಹೊರಬಿದ್ದ ಸಂಗತಿ: ಕೆಲವು ಕೇಂದ್ರಗಳಲ್ಲಿ ಸಮಯ ವ್ಯರ್ಥವಾಯಿತೆಂದು 1,563 ಮಂದಿಗೆ ಪರಿಹಾರದ ಅಂಕ ಹಾಕಲಾಗಿತ್ತು. ಅದನ್ನು ರದ್ದುಮಾಡಿ ಅವರಿಗೆ ಮರುಪರೀಕ್ಷೆಯ ಅವಕಾಶ ಕೊಟ್ಟ ಮೇಲೆ ಪೂರ್ಣಾಂಕದವರು 61 ಆದರು.

ಅಷ್ಟಕ್ಕೆ ಮುಗಿಯಲಿಲ್ಲ. ಭೌತಶಾಸ್ತ್ರದಲ್ಲಿ ಪರಮಾಣುವಿನ ಬಗ್ಗೆ ಒಂದು ಪ್ರಶ್ನೆ ಇತ್ತು. ಹಳೆಯ ಎನ್‌ಸಿಇಆರ್‌ಟಿ ಪುಸ್ತಕ ಓದಿದವರಿಗೆ ಒಂದು ಉತ್ತರ ಸರಿ, ಹೊಸದನ್ನು ಓದಿದವರಿಗೆ ಇನ್ನೊಂದು. ಎರಡಕ್ಕೂ ಅಂಕ ಕೊಟ್ಟಿದ್ದರು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ದೆಹಲಿಯ ಐಐಟಿಯ ತಜ್ಞರು ಕೂತು ಒಂದೇ ಉತ್ತರ ಸರಿ ಎಂದರು. ಜುಲೈ ಕೊನೆಗೆ ಪರಿಷ್ಕೃತ ಪಟ್ಟಿ ಬಂದಾಗ ಪೂರ್ಣಾಂಕದವರು 17. ಒಂದೇ ಒಂದು ಪ್ರಶ್ನೆಯಿಂದಾಗಿ 44 ಮಂದಿ ಶಿಖರದಿಂದ ಇಳಿದಿದ್ದರು. ನಾಲ್ಕು ಲಕ್ಷಕ್ಕೂ ಹೆಚ್ಚು ಮಕ್ಕಳ ಅಂಕ ಐದೈದು ಕಡಿಮೆಯಾಗಿತ್ತು. ಜೂನ್‌ನಲ್ಲಿ ದೇಶಕ್ಕೇ ಮೊದಲಿಗರಾಗಿ ಸಿಹಿ ಹಂಚಿದವರು ಜುಲೈಯಲ್ಲಿ ಅದೇ ಬುದ್ಧಿ, ಅದೇ ಓದು ಇಟ್ಟುಕೊಂಡು ಮೊದಲಿಗರಾಗಿ ಉಳಿದಿರಲಿಲ್ಲ. ಪಟ್ನಾ, ಹಜಾರಿಬಾಗ್‌ಗಳ ಪ್ರಶ್ನೆಪತ್ರಿಕೆ ಸೋರಿಕೆ ಬೇರೆ. ಅದು ಕಳ್ಳತನ, ಅದಕ್ಕೆ ಸಿಬಿಐ ಇದೆ. ನನ್ನನ್ನು ಕಾಡುವುದು ಕಳ್ಳತನವಿಲ್ಲದೆಯೂ ನಡೆಯುವ ಈ ಏರಿಳಿತ. 2025ರಲ್ಲಿ ಭೌತಶಾಸ್ತ್ರ ಕಠಿಣವಾಗಿತ್ತು. ದೇಶಕ್ಕೆ ಮೊದಲಿಗನಾದವನ ಅಂಕ 686. ಹಿಂದಿನ ವರ್ಷ ಅಷ್ಟು ತೆಗೆದವರು ಸಾವಿರಾರು ಮಂದಿಯ ಹಿಂದೆ ನಿಂತಿದ್ದರು.

ಜೆಇಇ ಮೈನ್‌ನವರು ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಅಂಕದ ಬದಲು ಪರ್ಸೆಂಟೈಲ್, ಅದೂ ದಶಮಾಂಶದ ಮುಂದೆ ಏಳು ಸ್ಥಾನದವರೆಗೆ. ಒಬ್ಬರಿಗೂ ಇನ್ನೊಬ್ಬರಿಗೂ ಸಮ ಬರಬಾರದೆಂದು ಈ ಏರ್ಪಾಡು. ಇಷ್ಟಾದರೂ 2024ರಲ್ಲಿ 56 ಮಂದಿಗೆ ನೂರಕ್ಕೆ ನೂರು ಬಂತು. ಪರ್ಸೆಂಟೈಲ್ ಎಂದರೆ ನಿಮಗಿಂತ ಕೆಳಗೆ ಎಷ್ಟು ಮಂದಿ ಇದ್ದಾರೆ ಎಂಬುದರ ಲೆಕ್ಕ. ನೀವು ಎಷ್ಟು ಕಲಿತಿರಿ ಎಂಬುದನ್ನು ಅದು ಹೇಳುವುದಿಲ್ಲ, ಹೇಳಬೇಕೆಂಬ ಉದ್ದೇಶವೂ ಅದಕ್ಕಿಲ್ಲ. ದೇಶದ ಮಕ್ಕಳೆಲ್ಲ ಈ ವರ್ಷ ದಿನಕ್ಕೆ ಎರಡು ಗಂಟೆ ಹೆಚ್ಚು ಓದಿದರೆ ಎಲ್ಲರ ಪರ್ಸೆಂಟೈಲ್ ಇದ್ದಲ್ಲೇ ಇರುತ್ತದೆ, ಎಲ್ಲರ ನಿದ್ದೆ ಎರಡು ಗಂಟೆ ಹೋಗಿರುತ್ತದೆ. ಫ್ರೆಡ್ ಹಿರ್ಶ್ ಎಂಬ ಅರ್ಥಶಾಸ್ತ್ರಜ್ಞ 1976ರಲ್ಲಿ ಬರೆದ ಪುಸ್ತಕದಲ್ಲಿ ಇದನ್ನೇ ಹೇಳಿದ್ದ: ಎಲ್ಲರೂ ತುದಿಗಾಲಲ್ಲಿ ನಿಂತರೆ ಯಾರಿಗೂ ಹೆಚ್ಚು ಕಾಣಿಸುವುದಿಲ್ಲ. ನಮ್ಮ ರಥಬೀದಿಯಲ್ಲಿ ತೇರು ನೋಡಲು ನಿಂತವರಿಗೆ ಇದನ್ನು ಪುಸ್ತಕ ಓದಿ ತಿಳಿಯಬೇಕಿಲ್ಲ. ಕಾಲು ನೋಯುವುದು ಮಾತ್ರ ಎಲ್ಲರಿಗೂ.

ಆ ಕಾಲುನೋವು ಹೇಗಿರುತ್ತದೆಂದು ನೋಡಬೇಕಿದ್ದರೆ ‘ಇಂಟಿಗ್ರೇಟೆಡ್’ ಎಂಬ ಹಣೆಪಟ್ಟಿಯ ಯಾವುದಾದರೂ ವಸತಿ ಪಿಯು ಕಾಲೇಜಿಗೆ ಹೋಗಿ ಬನ್ನಿ. ಬೆಳಗಿನ ಜಾವ ಐದಕ್ಕೆ ಗಂಟೆ, ರಾತ್ರಿ ಹತ್ತೂವರೆವರೆಗೆ ಸ್ಟಡಿ ಅವರ್. ಭಾನುವಾರ ಟೆಸ್ಟ್, ಸೋಮವಾರ ರ್‍ಯಾಂಕ್ ಪಟ್ಟಿ. ಪಟ್ಟಿಯ ಪ್ರಕಾರ ಸೆಕ್ಷನ್ ಬದಲು. ಕಳೆದ ವಾರ ಪಕ್ಕದಲ್ಲಿ ಕೂತು ನೋಟ್ಸ್ ಕೊಟ್ಟ ಗೆಳತಿ ಈ ವಾರ ಮೇಲಿನ ಸೆಕ್ಷನ್‌ಗೆ ಹೋಗಿರುತ್ತಾಳೆ. ಭಾಷಾ ತರಗತಿಗಳು ಪರೀಕ್ಷೆಗೆ ಸ್ವಲ್ಪ ಮುಂಚೆ ನಡೆಯುತ್ತವೆ. ಅಲ್ಲಿಯವರೆಗೆ ಕನ್ನಡದ ಮೇಷ್ಟ್ರು ವಾರ್ಡನ್ ಕೆಲಸ ಮಾಡುತ್ತಿರುತ್ತಾರೆ. ಅದರಾಚೆ ಮತ್ತೊಂದು ವರ್ಷ ‘ಲಾಂಗ್ ಟರ್ಮ್’ ಕೂರುವವರಿದ್ದಾರೆ, ಅದರಾಚೆ ಇನ್ನೊಂದು ವರ್ಷ. ಹದಿನೇಳು, ಹದಿನೆಂಟು, ಹತ್ತೊಂಬತ್ತನೇ ವಯಸ್ಸು ಬಹುಆಯ್ಕೆಯ ವೃತ್ತಗಳಿಗೆ ಶಾಯಿ ತುಂಬುವುದರಲ್ಲೇ ಕಳೆದಿರುತ್ತದೆ.

ಇದರ ತವರು ರಾಜಸ್ಥಾನದ ಕೋಟಾ. 2023ರ ಆಗಸ್ಟ್‌ನಲ್ಲಿ ಅಲ್ಲಿನ ಜಿಲ್ಲಾಡಳಿತ ಒಂದು ಆದೇಶ ಹೊರಡಿಸಿತು: ಹಾಸ್ಟೆಲ್, ಪಿ.ಜಿ.ಗಳ ಕೋಣೆಗಳ ಸೀಲಿಂಗ್ ಫ್ಯಾನುಗಳಿಗೆ ಸ್ಪ್ರಿಂಗ್ ಅಳವಡಿಸಬೇಕು. ಕೋಚಿಂಗ್‌ನ ವಾರದ ಟೆಸ್ಟ್‌ಗಳನ್ನು ಎರಡು ತಿಂಗಳ ಮಟ್ಟಿಗೆ ನಿಲ್ಲಿಸಲಾಯಿತು. ಒಂದು ಊರಿನ ಆಡಳಿತ ಮಕ್ಕಳನ್ನು ಉಳಿಸಿಕೊಳ್ಳಲು ಫ್ಯಾನಿನ ಬಗ್ಗೆ ಆದೇಶ ಬರೆಯಬೇಕಾಗಿ ಬಂತು ಎಂಬುದನ್ನು ಓದಿದಾಗ ನಮ್ಮ ಹೊಟ್ಟೆಯಲ್ಲಿ ಸಂಕಟವಾಗಬೇಕಿತ್ತು. ಸ್ವಲ್ಪ ದಿನ ಆಯಿತು ಕೂಡ. ಮರುವರ್ಷ ಜನವರಿಯಲ್ಲಿ ಕೇಂದ್ರದ ಶಿಕ್ಷಣ ಸಚಿವಾಲಯ 16 ವರ್ಷದೊಳಗಿನವರನ್ನು ಕೋಚಿಂಗ್‌ಗೆ ಸೇರಿಸಬಾರದೆಂದು ಮಾರ್ಗಸೂಚಿ ತಂದಿತು. ಆರನೇ ತರಗತಿಯಿಂದಲೇ ‘ಫೌಂಡೇಶನ್’ ಎಂಬ ಜಾಹೀರಾತು ಈಗಲೂ ನಮ್ಮ ಬಸ್ಸುಗಳ ಬೆನ್ನ ಮೇಲೆ ಓಡಾಡುತ್ತಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ಜೀವ ಕಳೆದುಕೊಂಡ ವಿದ್ಯಾರ್ಥಿಗಳು 13,044. ಎಲ್ಲವೂ ಪರೀಕ್ಷೆಯಿಂದಲ್ಲ, ಸರಿ. ಆದರೆ ಅದನ್ನು ಹೇಳಿ ಕೈತೊಳೆದುಕೊಳ್ಳುವಷ್ಟು ಸಣ್ಣ ಸಂಖ್ಯೆಯೂ ಅಲ್ಲ.

ಶಾಲೆಗಳೂ ಈ ಆಟ ಕಲಿತಿವೆ. ‘ಶೇ. 100 ಫಲಿತಾಂಶ’ ಎಂಬ ಬೋರ್ಡು ಉಳಿಸಿಕೊಳ್ಳಲು ಒಂಬತ್ತನೇ ತರಗತಿಯಲ್ಲೇ ಹಿಂದುಳಿದ ಮಕ್ಕಳ ಪೋಷಕರನ್ನು ಕರೆದು, ಟಿ.ಸಿ. ತೆಗೆದುಕೊಂಡು ಹೋಗಿ ಎಂದು ಮೆತ್ತಗೆ ಹೇಳುವ ಖಾಸಗಿ ಶಾಲೆಗಳ ಬಗ್ಗೆ ಪೋಷಕರಿಗೆಲ್ಲ ಗೊತ್ತು. ಕಲಿಸಬೇಕಾದ ಮಗುವನ್ನೇ ಹೊರಗೆ ಕಳಿಸಿ ಕಲಿಕೆಯ ಅಂಕ ಹೆಚ್ಚಿಸಿಕೊಂಡ ಹಾಗಾಯಿತು. ಮೆಚ್ಚಬೇಕಾದ ಜಾಣತನ!

ಇಷ್ಟೆಲ್ಲ ದಾಟಿ ಬಂದ ಹುಡುಗ ಕೆಲಸಕ್ಕೆ ಸೇರಿದ ಮೇಲಾದರೂ ನೆಮ್ಮದಿಯಾಗಿರುತ್ತಾನೆಯೇ? ಅಂಕದ ಜಾಗಕ್ಕೆ ಪ್ಯಾಕೇಜ್ ಬರುತ್ತದೆ. ಮದುವೆ ಮನೆಯಲ್ಲಿ ಎದುರಾದ ಚಿಕ್ಕಪ್ಪ ‘ಏನಪ್ಪಾ, ಎಷ್ಟು ಎಲ್‌ಪಿಎ?’ ಎಂದೇ ಮಾತು ಶುರುಮಾಡುತ್ತಾರೆ. ಮೂವತ್ತು–ನಲವತ್ತರ ಸೈಟು ಕೊಂಡಾಯಿತು. ಓರಗೆಯವನು ಎರಡನೆಯದು ಕೊಂಡ. ಇವನೂ ಸಾಲ ಮಾಡಿ ಹೊಸಕೋಟೆ ಆಚೆಗೊಂದು ಕೊಂಡ. ಅಲ್ಲಿ ಮನೆ ಕಟ್ಟುವ ಯೋಚನೆ ಅವನಿಗೂ ಇಲ್ಲ, ಹೆಂಡತಿಗೂ ಇಲ್ಲ. ವರ್ಷಕ್ಕೊಮ್ಮೆ ಹೋಗಿ ಮುಳ್ಳುಗಿಡ ಕಡಿಸಿ, ಕಲ್ಲು ಇದ್ದಲ್ಲೇ ಇದೆಯೇ ಎಂದು ನೋಡಿ ಬರುತ್ತಾರೆ. ಇಎಂಐ ಕಟ್ಟಲು ಇನ್ನೊಂದು ಕಂಪನಿಗೆ ಹಾರಿದ. ಮೊಬೈಲಿನಲ್ಲಿ ಸಿಬಿಲ್ ಸ್ಕೋರ್ 780 ಬಂದಾಗ ಖುಷಿಪಟ್ಟ. 300ರಿಂದ 900ರವರೆಗಿನ ಆ ಅಂಕ ಹೇಳುವುದು ಇಷ್ಟೇ: ಇವನಿಗೆ ಇನ್ನೂ ಸಾಲ ಕೊಡಬಹುದು.

ಸಾರಾ ಸೋಲ್ನಿಕ್ ಮತ್ತು ಡೇವಿಡ್ ಹೆಮೆನ್‌ವೇ ಎಂಬ ಸಂಶೋಧಕರು ಹಾರ್ವರ್ಡ್‌ನಲ್ಲಿ ನಡೆಸಿ 1998ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದು ಈ ಗೀಳಿನ ಮೂಲ ತೋರಿಸುತ್ತದೆ. ಎರಡು ಲೋಕಗಳನ್ನು ಮುಂದಿಟ್ಟು ಆರಿಸಿಕೊಳ್ಳಿ ಎಂದರು. ಒಂದರಲ್ಲಿ ನಿಮ್ಮ ವರಮಾನ 50,000 ಡಾಲರ್, ಉಳಿದವರದು 25,000. ಇನ್ನೊಂದರಲ್ಲಿ ನಿಮ್ಮದು ಒಂದು ಲಕ್ಷ, ಉಳಿದವರದು ಎರಡು ಲಕ್ಷ. ಬೆಲೆಗಳು ಎರಡೂ ಕಡೆ ಒಂದೇ. ಎರಡನೆಯದರಲ್ಲಿ ಕೈಗೆ ಬರುವ ದುಡ್ಡು ದುಪ್ಪಟ್ಟು. ಆದರೂ ಹೆಚ್ಚುಕಡಿಮೆ ಅರ್ಧದಷ್ಟು ಜನ ಮೊದಲನೆಯದನ್ನೇ ಬಯಸಿದರು. ಬಡವನಾದರೂ ಸರಿ, ಪಕ್ಕದವನಿಗಿಂತ ಮೇಲಿರಬೇಕು! ಈ ಭಾಗವನ್ನು ಬಹಳ ಮಂದಿ ಬರೆದಿದ್ದಾರೆ. ಅದೇ ಸಮೀಕ್ಷೆಯ ಇನ್ನೊಂದು ಫಲಿತಾಂಶ ಅಷ್ಟಾಗಿ ಯಾರ ಕಣ್ಣಿಗೂ ಬಿದ್ದಂತಿಲ್ಲ. ರಜೆಯ ಬಗ್ಗೆ ಇದೇ ಬಗೆಯ ಪ್ರಶ್ನೆ ಕೇಳಿದಾಗ ಹೆಚ್ಚಿನವರು ಹೋಲಿಕೆಯ ಗೊಡವೆಗೆ ಹೋಗಲಿಲ್ಲ. ಉಳಿದವರಿಗೆ ಎಷ್ಟಾದರೂ ಇರಲಿ, ನಮಗೆ ಹೆಚ್ಚು ರಜೆ ಕೊಡಿ ಎಂದರು.

ಇದು ಸಣ್ಣ ವಿಷಯವಲ್ಲ. ಸಂಬಳ, ಸೈಟು, ರ್‍ಯಾಂಕು ಇವೆಲ್ಲ ಪಕ್ಕದವನಿಗೆ ಹೆಚ್ಚು ಸಿಕ್ಕ ಕೂಡಲೇ ಸಪ್ಪೆಯಾಗುತ್ತವೆ. ನಿದ್ದೆ, ಬಿಡುವು, ಸಂಜೆ ಮಗಳ ಜೊತೆ ಆಡುವ ಚೌಕಾಬಾರ ಹಾಗಲ್ಲ. ಪಕ್ಕದ ಮನೆಯವನು ಹತ್ತು ಗಂಟೆ ಮಲಗಿದನೆಂದು ನನ್ನ ಎಂಟು ಗಂಟೆಯ ನಿದ್ದೆಯ ಸವಿ ಕೆಡುವುದಿಲ್ಲ. ನಾವು ಮಾಡುತ್ತಿರುವ ವ್ಯಾಪಾರ ನೋಡಿ: ಹೋಲಿಕೆಯಿಂದ ಕೆಡದ ಸಂಗತಿಗಳನ್ನು ಮಾರಿ, ಹೋಲಿಕೆಯಿಂದ ಕೆಡುವ ಸಂಗತಿಗಳನ್ನು ಕೊಳ್ಳುತ್ತಿದ್ದೇವೆ. ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ನಾರಾಯಣಮೂರ್ತಿಯವರು 2023ರ ಅಕ್ಟೋಬರ್‌ನಲ್ಲಿ ಹೇಳಿದರು. ದೇಶದ ಉತ್ಪಾದಕತೆ ಅವರ ಕಾಳಜಿ, ಅದನ್ನು ಅಲ್ಲಗಳೆಯುವುದಿಲ್ಲ. ಹದಿನೈದು ತಿಂಗಳಲ್ಲಿ ಎಲ್ ಆ್ಯಂಡ್ ಟಿ ಮುಖ್ಯಸ್ಥರ ಬಾಯಲ್ಲಿ ಅದು 90 ಆಯಿತು. ದುಡಿಮೆಯ ಗಂಟೆಗೂ ಪೈಪೋಟಿ ಹತ್ತಿಕೊಂಡಿತು ಎಂದರೆ ಸಾಕು.

ದುಡ್ಡಿನಿಂದ ಸುಖವಿಲ್ಲ ಎಂದು ನಾನು ಹೇಳುತ್ತಿಲ್ಲ. ಆ ಮಾತು ಹೇಳುವವರ ಬ್ಯಾಂಕ್ ಪಾಸ್‌ಬುಕ್ ಒಮ್ಮೆ ನೋಡಬೇಕೆನಿಸುತ್ತದೆ. ಡೇನಿಯಲ್ ಕಾನೆಮನ್ ಮತ್ತು ಆ್ಯಂಗಸ್ ಡೀಟನ್ 2010ರಲ್ಲಿ ಒಂದು ಮಟ್ಟದ ಮೇಲೆ ವರಮಾನ ಏರಿದರೂ ದಿನದಿನದ ಸಂತಸ ಏರುವುದಿಲ್ಲ ಎಂದಿದ್ದರು. 2023ರಲ್ಲಿ ಕಾನೆಮನ್ ಅವರೇ ಬೇರೆ ಸಂಶೋಧಕರೊಂದಿಗೆ ಸೇರಿ ಅದನ್ನು ತಿದ್ದಿದರು: ಹೆಚ್ಚಿನವರ ವಿಷಯದಲ್ಲಿ ಸಂತಸ ಏರುತ್ತಲೇ ಹೋಗುತ್ತದೆ. ಆದರೆ ಏರುವ ರೀತಿ ಗಮನಿಸಿ. 20 ಸಾವಿರದಿಂದ 40 ಸಾವಿರಕ್ಕೆ ಹೋದಾಗ ಎಷ್ಟು ಹಿತವಾಯಿತೋ ಅಷ್ಟೇ ಹಿತ ಮತ್ತೊಮ್ಮೆ ಬೇಕಾದರೆ 80 ಸಾವಿರ ಬೇಕು, ಆಮೇಲೆ ಒಂದು ಲಕ್ಷ ಅರವತ್ತು ಸಾವಿರ. ಪ್ರತಿ ಮೆಟ್ಟಿಲಿಗೂ ಹಿಂದಿನದರ ದುಪ್ಪಟ್ಟು ಬೆಲೆ. ಮೊದಲ ಮೆಟ್ಟಿಲಲ್ಲಿ ಅಮ್ಮನ ಬಿ.ಪಿ. ಮಾತ್ರೆ, ಮಗುವಿನ ಫೀಸು, ಸೋರದ ಸೂರು ಇತ್ತು. ನಾಲ್ಕನೆಯದರಲ್ಲಿ ಇರುವುದು ಬಹುಪಾಲು ಪಕ್ಕದವನ ಮುಖ.

ಹನ್ನೆರಡನೇ ಶತಮಾನದಲ್ಲಿ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯನ ಕಥೆ ಶಾಲೆಯ ಪುಸ್ತಕದಲ್ಲೇ ಎಲ್ಲರೂ ಓದಿದ್ದೇವೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಹೆಚ್ಚಿನದನ್ನು ತಿರುಗಿ ಅಲ್ಲೇ ಸುರಿದು ಬಾ ಎಂದು ಕಳಿಸಿದಳು. ಇದನ್ನು ಬಡತನದ ಹೊಗಳಿಕೆಯಾಗಿ ಹೇಳುವ ರೂಢಿಯಿದೆ. ನನಗೆ ಹಾಗೆ ಕಾಣುವುದಿಲ್ಲ. ಆ ದಂಪತಿ ಅದೇ ಅಕ್ಕಿಯಲ್ಲಿ ದಾಸೋಹ ನಡೆಸುತ್ತಿದ್ದವರು. ಲಕ್ಕಮ್ಮನಿಗೆ ಮನೆಗೆ ಎಷ್ಟು ಬೇಕು, ಬಂದವರಿಗೆ ಎಷ್ಟು ಬೇಕು ಎಂಬ ಲೆಕ್ಕ ಅಕ್ಕಿ ಬರುವ ಮುಂಚೆಯೇ ಗೊತ್ತಿತ್ತು. ಮಾರಯ್ಯನಿಗೆ ಅಂಗಳದಲ್ಲಿ ಹೆಚ್ಚು ಬಿದ್ದಿದ್ದು ಕಂಡಿತು, ತಂದ. ನಾವೆಲ್ಲ ಮಾರಯ್ಯನ ಕಡೆಯವರು. ನಮ್ಮ ಮನೆಗಳಲ್ಲಿ ಗಂಡ-ಹೆಂಡತಿ ಕೂತು, ಎಷ್ಟಾದರೆ ನಿಲ್ಲಿಸೋಣ ಎಂದು ಒಮ್ಮೆಯಾದರೂ ಮಾತಾಡಿಕೊಂಡ ಉದಾಹರಣೆ ಎಷ್ಟಿದೆ? ಸಾಲ ಎಷ್ಟು ಸಿಗುತ್ತದೆ ಎಂದು ಬ್ಯಾಂಕಿನವರ ಜೊತೆ ಕೂತು ಮಾತಾಡಿದ್ದೇವೆ.

ಈ ಬೇಸಿಗೆಯಲ್ಲಿ ಮತ್ತೆ ಫಲಿತಾಂಶ ಬರುತ್ತದೆ. ಒಂದೆರಡು ಕೆಲಸ ನಮ್ಮ ಕೈಯಲ್ಲಿವೆ. 600 ದಾಟಿದ ಮಗುವಿನ ಒಂದಂಕಕ್ಕಾಗಿ ಮರುಮೌಲ್ಯಮಾಪನದ ಅರ್ಜಿ ಹಾಕಬೇಡಿ. ಪಾಸಿನ ಅಂಚಿನಲ್ಲಿ ಬಿದ್ದ ಮನೆಕೆಲಸದವಳ ಮಗನಿಗೆ ಆ ದುಡ್ಡಿನಿಂದ ಅರ್ಜಿ ಹಾಕಿಸಿ. ಅವನಿಗೆ ಒಂದಂಕ ಎಂದರೆ ಪಾಸು-ಫೇಲಿನ ಅಂತರ. ಪಕ್ಕದ ಮನೆಗೆ ಫೋನ್ ಮಾಡಿ ‘ನಿಮ್ಮವನಿಗೆಷ್ಟು?’ ಎಂದು ಕೇಳುವುದನ್ನು ಒಂದು ವಾರ ತಡೆದುಕೊಳ್ಳಿ. ಕಾಲೇಜು ಹುಡುಕುವಾಗ ಫ್ಲೆಕ್ಸಿನಲ್ಲಿರುವ ಹತ್ತು ಮುಖಗಳನ್ನು ಬಿಟ್ಟು, ಉಳಿದ ಸಾವಿರ ಮಕ್ಕಳು ಏನಾದರು ಎಂದು ಆಫೀಸಿನಲ್ಲಿ ಕೇಳಿ. ಉತ್ತರ ಕೊಡದ ಕಾಲೇಜಿಗೆ ಸೇರಿಸಬೇಡಿ. ಎಸ್ಸೆಸ್ಸೆಲ್ಸಿ, ಪಿಯು ಎರಡಕ್ಕೂ ಈಗ ಒಂದೇ ವರ್ಷದಲ್ಲಿ ಮತ್ತೆ ಪರೀಕ್ಷೆ ಬರೆಯುವ ಅವಕಾಶ ಇದೆ ಎಂದು ಮಗುವಿಗೆ ಮೊದಲೇ ಹೇಳಿಡಿ. ಫಲಿತಾಂಶದ ದಿನ ಮಗು ಮಂಕಾಗಿ ಕೋಣೆ ಸೇರಿದರೆ ಒಂಟಿಯಾಗಿ ಬಿಡಬೇಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು-ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.